ಹತ್ತಿರದ ಲಂಡನ್, ದೂರದ ಕಂಠೀರವ

ನಮ್ಮ ಶಿವಾರಪಟ್ಟಣದಲ್ಲಿ ನಡುರಾತ್ರಿ ಯಾರಾದರೂ ಕೂಗಿಕೊಂಡರೆ ಜನ ಮೊದಲು ನೆನೆಸಿಕೊಳ್ಳುವುದು ಹಾವನ್ನು, ಆಮೇಲೆ ಕಳ್ಳನನ್ನು, ಕೊನೆಗೆ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಮುದುಕರನ್ನು. ಹಾಗಾಗಿ 2025ರ ಏಪ್ರಿಲ್ 8 ಕಳೆದು 9 ಹುಟ್ಟಿದ್ದ ರಾತ್ರಿ, ಒಂದೂಮುಕ್ಕಾಲರ ಹೊತ್ತಿಗೆ ನನ್ನ ಶೆಡ್ಡಿನಿಂದ ಏಳೆಂಟು ಹುಡುಗರು ಒಟ್ಟಿಗೆ ಕಿರುಚಿದಾಗ ಪಕ್ಕದ ಮನೆ ಅಜ್ಜಿ ಬ್ಯಾಟರಿ ಹಿಡಿದು ಬೀದಿಗೆ ಬಂದೇಬಿಟ್ಟರು. "ಯಾರಿಗೇನಾಯ್ತ್ರೋ?" ನನ್ನ ಅಕ್ಕನ ಮಗ ಬಾಗಿಲಲ್ಲಿ ಕುಣಿಯುತ್ತಲೇ "ಏನಿಲ್ಲ ಅಜ್ಜೀ, ಗೋಲು!" ಅಂದ. "ಮನೇಲಿ ಹೇಳೋರು ಕೇಳೋರು ಇಲ್ವೇನ್ರೋ ನಿಮಗೆ" ಎಂದು ಬೈದು ಅವರು ಒಳಗೆ ಹೋದರು.

ಲಂಡನ್ನಿನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ಆರ್ಸೆನಲ್ ಎದುರು ರಿಯಲ್ ಮ್ಯಾಡ್ರಿಡ್. ಒಂದು ಕಡೆ ಯುರೋಪಿನ ಕಪ್ಪನ್ನು ಹದಿನೈದು ಸಲ ಎತ್ತಿದವರು, ಇನ್ನೊಂದು ಕಡೆ ಅಲ್ಲಿಯವರೆಗೆ ಒಮ್ಮೆಯೂ ಎತ್ತದವರು. ಹುಡುಗರು ಮೊಬೈಲನ್ನು ಒರಗಿಸಿಟ್ಟಿದ್ದು ನಾನು ಅರ್ಧ ಕಡೆದಿಟ್ಟಿದ್ದ ಗಣಪತಿಯ ತೊಡೆಯ ಮೇಲೆ. ಹೊಟ್ಟೆ ಮುಗಿದಿತ್ತು, ಸೊಂಡಿಲಿಗೆ ಗೆರೆ ಮಾತ್ರ ಎಳೆದಿದ್ದೆ. ಅರ್ಧ ಆಟದವರೆಗೂ ಸೊನ್ನೆ ಸೊನ್ನೆ. 58ನೇ ನಿಮಿಷದಲ್ಲಿ ಡೆಕ್ಲನ್ ರೈಸ್ ಎಂಬುವನು ಫ್ರೀಕಿಕ್ ಹೊಡೆದ. ಚೆಂಡು ಸಾಲಾಗಿ ನಿಂತವರ ಹೊರಗಿನಿಂದ ಬಾಗಿ ಬಂದು ಬಲೆಗೆ ಬಿತ್ತು. ವೃತ್ತಿಯಲ್ಲಿ ಅಲ್ಲಿಯವರೆಗೆ ಅವನು ನೇರ ಫ್ರೀಕಿಕ್ಕಿನಲ್ಲಿ ಒಂದು ಗೋಲನ್ನೂ ಹೊಡೆದವನಲ್ಲವಂತೆ. ಹನ್ನೆರಡು ನಿಮಿಷಕ್ಕೆ ಇನ್ನೊಂದು ಫ್ರೀಕಿಕ್, ಈ ಸಲ ಮೇಲಿನ ಮೂಲೆಗೆ. ಐದು ನಿಮಿಷ ಬಿಟ್ಟು ಮೆರಿನೊ ಮೂರನೆಯದು ಹೊಡೆದ. ಎರಡನೇ ಕೂಗಿಗೆ ಬೀದಿಯ ನಾಯಿಗಳೆಲ್ಲ ಎದ್ದಿದ್ದವು. ಮೂರನೆಯದಕ್ಕೆ ಅವೂ ಸುಮ್ಮನಾದವು.

ಬೆಳಿಗ್ಗೆ ಟೀ ಅಂಗಡಿಯಲ್ಲಿ ಪಂಚಾಯ್ತಿ. "ಏನ್ ಆಚಾರ್ರೇ, ರಾತ್ರಿಯೆಲ್ಲಾ ನಿಮ್ಮ ಶೆಡ್ಡಲ್ಲಿ ಜಾತ್ರೆಯಂತೆ? ಇಂಗ್ಲೆಂಡಿನೋರು ಗೆದ್ರೆ ನಮ್ಮ ಹುಡುಗ್ರಿಗೇನ್ ಬಂತು? ಅಷ್ಟು ಚಪಲ ಇದ್ರೆ ನಮ್ಮ ಬೆಂಗಳೂರು ಟೀಮಿಗೆ ಕೂಗ್ಲಿ." ಕೇಳಿದವರು ನಿವೃತ್ತ ಮೇಷ್ಟ್ರು, ಊರಿಗೆ ಬೇಕಾದವರು. ಅಲ್ಲಿದ್ದ ನಾಲ್ಕು ಜನ ತಲೆಯಾಡಿಸಿದರು. ಈ ಮಾತನ್ನು ನಮ್ಮೂರಿನವರೊಬ್ಬರೇ ಆಡುವುದಿಲ್ಲ, ಪತ್ರಿಕೆಗಳಲ್ಲೂ ಆಗಾಗ ಓದುತ್ತೇನೆ. ಅದಕ್ಕೇ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ನಮ್ಮೂರಲ್ಲಿ ಕಡೆದ ಗಣಪತಿ, ವೆಂಕಟರಮಣ ಸಮುದ್ರ ದಾಟಿ ಹೋಗಿ ಅಲ್ಲಿನ ದೇವಸ್ಥಾನಗಳಲ್ಲಿ ಕೂತಿದ್ದಾರೆ. ವಿಗ್ರಹಕ್ಕೆ ಮರದ ಪೆಟ್ಟಿಗೆ ಹೊಡೆದು ಲಾರಿಗೇರಿಸುವಾಗ ಇದೇ ಮೇಷ್ಟ್ರು ಎದೆಯುಬ್ಬಿಸಿಕೊಂಡು ನಿಂತು ನೋಡುತ್ತಾರೆ. ನಮ್ಮ ದೇವರು ಅಲ್ಲಿಗೆ ಹೋದರೆ ಹೆಮ್ಮೆ, ಅಲ್ಲಿಯ ಚೆಂಡು ಇಲ್ಲಿಗೆ ಬಂದರೆ ಮುನಿಸು ಅಂದರೆ ಹೇಗೆ?

ಎರಡನೆಯದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಹುಡುಗರು ಬೆಂಗಳೂರಿಗೆ ಯಾಕೆ ಕೂಗುವುದಿಲ್ಲ? ಅಭಿಮಾನ ಕಡಿಮೆಯಾಗಿ ಅಲ್ಲ. ಗಡಿಯಾರ ಕೂಡಿಬರುವುದಿಲ್ಲ, ಬಸ್ಸು ಸಿಗುವುದಿಲ್ಲ.

ನನ್ನ ಅಕ್ಕನ ಮಗ ಉಳಿ ಸುತ್ತಿಗೆ ಬಿಟ್ಟು ನರಸಾಪುರದ ಕಾರ್ಖಾನೆಯೊಂದಕ್ಕೆ ಸೇರಿದವನು. ಅಲ್ಲಿ ಪಕ್ಕದ ಮಷೀನಿನ ಮಲಯಾಳಿ ಹುಡುಗ ಅವನಿಗೆ ಆರ್ಸೆನಲ್ ಹಚ್ಚಿಸಿದ. ಸೆಕೆಂಡ್ ಶಿಫ್ಟ್ ವಾರದಲ್ಲಿ ಮಧ್ಯಾಹ್ನ ಹೋದರೆ ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಮುದ್ದೆ ಮುರಿದು ಕೈ ತೊಳೆಯುವ ಹೊತ್ತಿಗೆ ಹನ್ನೆರಡು. ಯುರೋಪಿನ ಪಂದ್ಯ ಶುರುವಾಗುವುದು ಬೇಸಿಗೆಯಲ್ಲಿ ನಮ್ಮ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಊರೆಲ್ಲ ಮಲಗಿದ ಮೇಲೆ ಅವನ ದಿನದಲ್ಲಿ ಅವನದೇ ಎಂದು ಉಳಿಯುವ ಎರಡು ಗಂಟೆಗೆ ಲಂಡನ್ನಿನವರು ಸರಿಯಾಗಿ ಬಂದು ನಿಲ್ಲುತ್ತಾರೆ. ಬೆಂಗಳೂರಿನ ತಂಡ ಕಂಠೀರವ ಕ್ರೀಡಾಂಗಣದಲ್ಲಿ ಆಡುವುದು ಸಾಮಾನ್ಯವಾಗಿ ಸಂಜೆ ಏಳೂವರೆಗೆ. ಆಗ ಇವನು ಮಷೀನಿನ ಮುಂದೆ ನಿಂತಿರುತ್ತಾನೆ, ಮೊಬೈಲು ಲಾಕರಿನಲ್ಲಿರುತ್ತದೆ. ಶೆಡ್ಡಿನಲ್ಲಿ ಕೆಲಸ ಮಾಡುವ ಹುಡುಗರದೂ ಅದೇ ಪಾಡು. ಅವರು ಕಟರ್ ನಿಲ್ಲಿಸಿ ಕಲ್ಲುಪುಡಿ ತೊಳೆದುಕೊಳ್ಳುವಾಗಲೇ ಏಳು ಗಂಟೆ.

ಬೆಂಗಳೂರು ತಂಡದ ಗೆಲುವಿನ ರುಚಿ ನನಗೆ ಗೊತ್ತಿಲ್ಲದ್ದಲ್ಲ. 2016ರ ಅಕ್ಟೋಬರ್ 19ರಂದು ಬೆಂಗಳೂರಿನ ಬಡಾವಣೆಯೊಂದರ ಗುಡಿಗೆ ನವಗ್ರಹ ಇಳಿಸಲು ಟೆಂಪೊದಲ್ಲಿ ಹೋಗಿದ್ದೆ. ಕೆಲಸ ಮುಗಿದಾಗ ಆಗಿನ್ನೂ ಐಟಿಐ ಓದುತ್ತಿದ್ದ ಇದೇ ಅಳಿಯ "ಮಾವಾ, ಇವತ್ತು ಬಿಟ್ರೆ ಜನ್ಮದಲ್ಲಿ ಸಿಗಲ್ಲ, ಬಾ" ಎಂದು ಕಂಠೀರವಕ್ಕೆ ಎಳೆದುಕೊಂಡು ಹೋದ. ಏಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅವರ ನೆಲದಲ್ಲಿ ಆಡಿದ ಮೊದಲ ಪಂದ್ಯ 1–1 ಆಗಿತ್ತು. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಅವರು ಒಂದು ಗೋಲು ಹೊಡೆದುಬಿಟ್ಟರು. ನನಗೆ ಎದ್ದುಹೋಗೋಣ ಅನಿಸಿತು. ಆದರೆ ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿ ತೊಟ್ಟು ನಿಂತಿದ್ದವರು, ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬಳಗದವರು, ಹಾಡು ನಿಲ್ಲಿಸಲೇ ಇಲ್ಲ. ಗೋಲು ತಿಂದಾಗ ದನಿ ಇನ್ನಷ್ಟು ಏರಿತು. ಸೋಲುತ್ತಿರುವವರಿಗೆ ಹಾಗೆ ಹಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದರೆ ನಾವು ಟಿವಿ ಆರಿಸುವ ಜನ. 41ನೇ ನಿಮಿಷದಲ್ಲಿ ಸುನಿಲ್ ಚೆಟ್ರಿ ತಲೆಯಿಂದ ಒಂದು, 67ರಲ್ಲಿ ದೂರದಿಂದ ಇನ್ನೊಂದು ಹೊಡೆದ. 75ರಲ್ಲಿ ಸ್ಪೇನಿನ ಹುವಾನನ್ ಮೂರನೆಯದು. ಭಾರತದ ಕ್ಲಬ್ಬೊಂದು ಏಎಫ್‌ಸಿ ಕಪ್ ಫೈನಲ್ ಸೇರಿದ್ದು ಆವತ್ತೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಎದುರು ಒಂದೇ ಗೋಲಿನಿಂದ ಸೋತರು. ಅದು ಬೇರೆ ಮಾತು.

ಆ ರಾತ್ರಿ ಹೊರಬಂದ ಜನ ಮೆಟ್ರೊ ಕಡೆಗೆ ಹಾಡುತ್ತಾ ಹೋದರು. ನಾವು ಟೆಂಪೊ ಹತ್ತಿ ಹೊಸಕೋಟೆ ದಾಟಿ ಊರು ಸೇರಿದೆವು. ಅಂದು ಗಾಡಿ ನಮ್ಮದೇ ಇತ್ತು. ಇಲ್ಲದಿದ್ದರೆ? ಹೆದ್ದಾರಿಯಲ್ಲಿ ಕೋಲಾರ, ಮುಳಬಾಗಿಲು, ತಿರುಪತಿ ಬಸ್ಸು ಎಷ್ಟು ಹೊತ್ತಿಗೂ ಸಿಗುತ್ತದೆ. ನರಸಾಪುರದಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಆ ಹೊತ್ತಿನಲ್ಲಿ ಆಟೊದವನೂ ಬರುವುದಿಲ್ಲ. ಮೆಟ್ರೊ 2023ರಿಂದ ಕಾಡುಗೋಡಿಯವರೆಗೆ, ನಮ್ಮ ದಿಕ್ಕಿಗೇ ಬಂದಿದೆ. ಅಲ್ಲಿಂದ ರೈಲು ಹಿಡಿದು ಮಾಲೂರಿಗೆ ಬಂದರೂ ಮಾಲೂರಿನಿಂದ ಊರಿಗೆ ಮತ್ತದೇ ಕಥೆ. ಐವತ್ತು ಕಿಲೋಮೀಟರಿನ ದಾರಿಯಲ್ಲಿ ಕಷ್ಟದ್ದು ಕೊನೆಯ ಹತ್ತು.

ರಾತ್ರಿ ಹೊತ್ತು ಹಳ್ಳಿಗೆ ಬಸ್ಸು ಓಡಿಸಲಾಗದು ಎಂದು ಯಾರೂ ಹೇಳಬೇಡಿ. ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು ನಡುರಾತ್ರಿಯಲ್ಲಿ ನಮ್ಮ ಸುತ್ತಲಿನ ಹಳ್ಳಿಗಳ ಗೇಟುಗಳಲ್ಲಿ ನಿಂತು ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತವೆ. ದುಡಿಯಲು ಕರೆದೊಯ್ಯುವ ಬಸ್ಸಿಗೆ ಇರುವ ರಸ್ತೆ, ಆಟ ನೋಡಿ ಬರುವವನಿಗೆ ಮಾಯವಾಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉಲ್ಟಾ ಉದಾಹರಣೆ ಇತ್ತು. ಕೆಜಿಎಫ್‌ನಲ್ಲಿ ಗಣಿಯ ಪಾಳಿ ಮುಗಿಸಿ ಮೇಲೆ ಬಂದವರಿಗೆ ನಡೆದು ಹೋಗುವಷ್ಟು ದೂರದಲ್ಲಿ ಮೈದಾನವಿತ್ತು, ಫುಟ್‌ಬಾಲೂ ಹಾಕಿಯೂ ಇತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಗಣಿಗಾರರ ಮಕ್ಕಳು ಈಗ ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗಿಬರುತ್ತಾರೆ. ಆಡಲೂ ನೋಡಲೂ ಅವರಿಗೆ ಉಳಿದಿರುವುದು ರೈಲಿನಲ್ಲಿ ಕೈಯಲ್ಲಿರುವ ಮೊಬೈಲು.

ಮೇಷ್ಟ್ರಿಗೆ ಇನ್ನೊಂದು ಪ್ರಶ್ನೆ ಹಾಕಿದೆ. "2023ರ ಮಾರ್ಚ್ 4ಕ್ಕೆ ಏನಾಯ್ತು ಹೇಳಿ ನೋಡೋಣ?" ಸುಮ್ಮನಾದರು. ಅಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದಿನ ಗೆಲುವು 1968–69ರದ್ದು. ಆಗಿನ್ನೂ ನಾವು ಮೈಸೂರು ರಾಜ್ಯ. 54 ವರ್ಷದ ಮೇಲೆ ಬಂದ ಕಪ್ಪು, ಅದೂ ಪರದೇಶದ ನೆಲದಲ್ಲಿ. ನಮ್ಮೂರಲ್ಲಿ ಪಟಾಕಿಯ ಮಾತು ಬಿಡಿ, ಟೀ ಅಂಗಡಿಯಲ್ಲಿ ಒಂದು ಮಾತೂ ಬರಲಿಲ್ಲ. ನಮ್ಮ ತಂಡಕ್ಕೆ ಕೂಗಿ ಎಂದು ಮಕ್ಕಳಿಗೆ ಹೇಳುವ ಹಿರಿಯರಲ್ಲಿ ಎಷ್ಟು ಮಂದಿ ಆ ರಾತ್ರಿ ಎದ್ದಿದ್ದರು? 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಎಂಬುದೂ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದ ಭಾರತ ತಂಡಕ್ಕಾಗಿ ಫ್ರಾನ್ಸಿನ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂಬುದೂ ಮೇಷ್ಟ್ರ ಪಾಠದಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ನನಗೆ ಹೇಳಿದ್ದು ಆರ್ಸೆನಲ್ ಹುಚ್ಚಿನ ಅಳಿಯನೇ. ಲಂಡನ್ನಿನ ತಂಡ ಹಿಡಿದುಕೊಂಡು ಹೊರಟವನು ಹುಡುಕುತ್ತಾ ಹುಡುಕುತ್ತಾ ಬೆಂಗಳೂರಿಗೆ ಬಂದು ಮುಟ್ಟಿದ್ದಾನೆ.

ಹುಡುಗರ ಆ ಸಂಭ್ರಮ ಒಂದು ತಿಂಗಳೂ ಉಳಿಯಲಿಲ್ಲ. ಮ್ಯಾಡ್ರಿಡ್ಡಿನಲ್ಲೂ ಗೆದ್ದು ಬಂದ ಆರ್ಸೆನಲ್ ಸೆಮಿಫೈನಲ್‌ನಲ್ಲಿ ಪ್ಯಾರಿಸ್ಸಿನವರಿಗೆ ಸೋತಿತು. ಆದರೂ ಮೇ 31ರ ಫೈನಲ್ ನೋಡಲು ಎಲ್ಲರೂ ಕೂತರು. ಆವತ್ತು ನಾನೂ ಕೂತಿದ್ದೆ. ಪ್ಯಾರಿಸ್ ಇಂಟರ್ ಮಿಲಾನನ್ನು 5–0ಯಿಂದ ಬಡಿಯಿತು. ಆ ಫೈನಲ್‌ನ ಚರಿತ್ರೆಯಲ್ಲೇ ಅಷ್ಟು ಅಂತರದ ಗೆಲುವಿಲ್ಲ. ಪಂದ್ಯ ಮುಗಿದ ಮೇಲೆ ಮ್ಯೂನಿಕ್ಕಿನ ಸ್ಟ್ಯಾಂಡಿನಲ್ಲಿ ಅಭಿಮಾನಿಗಳು ದೊಡ್ಡದೊಂದು ಬಟ್ಟೆ ಬಿಚ್ಚಿದರು. ತರಬೇತುದಾರ ಲೂಯಿಸ್ ಎನ್ರಿಕೆ ತನ್ನ ಮಗಳ ಜೊತೆ ಮೈದಾನದಲ್ಲಿ ಬಾವುಟ ನೆಡುತ್ತಿರುವ ಚಿತ್ರ. 2015ರಲ್ಲಿ ಅವನು ಬಾರ್ಸಿಲೋನಾಕ್ಕೆ ಇದೇ ಕಪ್ ಗೆಲ್ಲಿಸಿಕೊಟ್ಟಾಗ ಆ ಮಗು ನಿಜಕ್ಕೂ ಹಾಗೆ ಬಾವುಟ ನೆಟ್ಟಿತ್ತು. 2019ರಲ್ಲಿ ಒಂಬತ್ತನೇ ವಯಸ್ಸಿಗೆ ಮೂಳೆ ಕ್ಯಾನ್ಸರಿನಿಂದ ತೀರಿಕೊಂಡಿತು. ಅಭಿಮಾನಿಗಳು ಬಾವುಟವನ್ನು ಮಾತ್ರ ತಮ್ಮ ತಂಡದ್ದಕ್ಕೆ ಬದಲಾಯಿಸಿ ಬರೆದಿದ್ದರು. ನಮ್ಮ ಕಸುಬಿನವರ ಕಣ್ಣು ಇಂಥದ್ದರಲ್ಲಿ ಬೇರೆ ಕಡೆ ಹೋಗುತ್ತದೆ. ಅಷ್ಟು ದೊಡ್ಡ ಬಟ್ಟೆಯ ಮೇಲೆ ಮಗುವಿನ ಕೈಯ ಅಳತೆ ಕೆಡದಂತೆ ಬರೆಯಬೇಕಾದರೆ ಚೌಕ ಹಾಕಿ, ದಾರ ಹಿಡಿದು ರಾತ್ರಿಗಟ್ಟಲೆ ಮಂಡಿಯೂರಿರಬೇಕು. ಗೆಲ್ಲುತ್ತೇವೋ ಸೋಲುತ್ತೇವೋ ತಿಳಿಯುವ ಮೊದಲೇ ಅದನ್ನು ಬರೆದು ಮಡಿಸಿ ತಂದಿದ್ದರು.

ಅದೇ ರಾತ್ರಿ ಫ್ರಾನ್ಸಿನಲ್ಲಿ ಗೆಲುವಿನ ಗಲಾಟೆಯಲ್ಲಿ ಇಬ್ಬರು ಸತ್ತರು. ಜೂನ್ 3ಕ್ಕೆ ನಮ್ಮ ಆರ್‌ಸಿಬಿ ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಕಪ್ ಗೆದ್ದಿತು. ಆ ರಾತ್ರಿ ನಮ್ಮೂರಲ್ಲಿ ಹಾರಿದ ಪಟಾಕಿಗೆ ಅಜ್ಜಿಯೂ ಬೈಯಲಿಲ್ಲ, ಮೇಷ್ಟ್ರೂ ಗೊಣಗಲಿಲ್ಲ. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಗೆದ್ದಾಗ ಕೂಗಬೇಕೆನ್ನುವುದು ಹಸಿವಿನಂಥದ್ದು. ಅದಕ್ಕೆ ಬಾಗಿಲು, ದಾರಿ, ವಾಪಸ್ ಹೋಗುವ ವ್ಯವಸ್ಥೆ ನೋಡಬೇಕಾದವರು ದೊಡ್ಡವರು. ಅದು ಬಿಟ್ಟು ಯಾವ ತಂಡಕ್ಕೆ ಕೂಗಬೇಕೆಂದು ಪಾಠ ಹೇಳುತ್ತಾ ಕೂತಿದ್ದೇವೆ.

ತಂಡ ನಡೆಸುವವರ ಪಾಲೂ ಇದರಲ್ಲಿದೆ. 2025ರ ಆಗಸ್ಟಿನಲ್ಲಿ ದೇಶದ ಲೀಗಾದ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ತಿಳಿಯದೆ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ನಮ್ಮ ಲೀಗು ಆ ವರ್ಷ ಉಂಟೋ ಎಂದು ಆಗ ಅಳಿಯ ಕೇಳಿದರೆ ನಾನೇನು ಹೇಳಬೇಕಿತ್ತು? ಇಂಗ್ಲೆಂಡಿನವರು ಇಡೀ ವರ್ಷದ ವೇಳಾಪಟ್ಟಿಯನ್ನು ಸೀಸನ್ನಿಗೆ ಮೊದಲೇ ಕೈಗೆ ಕೊಡುತ್ತಾರೆ. ಅವನು ಅದನ್ನು ಶಿಫ್ಟ್ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡು ಯಾವ ವಾರ ಯಾರ ಹತ್ತಿರ ಪಾಳಿ ಬದಲಿಸಿಕೊಳ್ಳಬೇಕೆಂದು ಲೆಕ್ಕ ಹಾಕುತ್ತಾನೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಕೋಲಾರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. ರಾಜ್ಯ ಫುಟ್‌ಬಾಲ್ ಸಂಸ್ಥೆಯವರು ವರ್ಷಕ್ಕೆ ಎರಡೋ ಮೂರೋ ಪಂದ್ಯಗಳನ್ನು ಅಲ್ಲಿಗೆ ತರಲಿ. ಐಎಸ್‌ಎಲ್ಲೇ ಬೇಕೆಂದಿಲ್ಲ, ಬೆಂಗಳೂರಿನ ಸ್ಥಳೀಯ ಲೀಗಿನದಾದರೂ ಸಾಕು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಇಡಲಿ. ಕಂಠೀರವದಲ್ಲಿ ದೊಡ್ಡ ಪಂದ್ಯವಿದ್ದ ರಾತ್ರಿ ನರಸಾಪುರದಿಂದ ಒಂದು ಬಸ್ಸು ಹಳ್ಳಿಗಳ ಕಡೆ ಸುತ್ತಿ ಬರಲಿ. ಶಿಫ್ಟ್ ಬಸ್ಸಿನಲ್ಲಿ ಖಾಲಿ ಸೀಟಿದ್ದರೆ ಟಿಕೆಟ್ ಪಡೆದು ಹತ್ತಿಸಿಕೊಳ್ಳಲು ಯಾರಾದರೂ ಒಪ್ಪಂದ ಮಾಡಿಸಲಿ. ಆಮೇಲೂ ನಮ್ಮ ಹುಡುಗರು ಆರ್ಸೆನಲ್ಲಿಗೇ ಕೂಗಿದರೆ ಮೇಷ್ಟ್ರು ಬೈಯಲಿ, ನಾನೂ ಜೊತೆಗೆ ನಿಂತು ಬೈಯುತ್ತೇನೆ. ಕೋಲಾರಕ್ಕೆ ಪಂದ್ಯ ಬಂದ ದಿನ ಟೆಂಪೊ ನನ್ನದು. ಡೀಸೆಲ್ಲಿಗೆ ಹುಡುಗರು ಚಂದಾ ಎತ್ತಿಕೊಳ್ಳಲಿ, ಮುಂದಿನ ಸೀಟು ಮಾತ್ರ ಮೇಷ್ಟ್ರಿಗೆ.