ಹೊಟ್ಟೆಯ ಮೇಲಿನ ಚೀಲ

ನಮ್ಮ ಯಜಮಾನರಿಗೆ ಮೂತ್ರಕೋಶ ತೆಗೆದು ಎರಡು ವರ್ಷವಾಯ್ತು. "ಅದನ್ನೇ ತೆಗೆದ್ಮೇಲೆ ಮೂತ್ರ ಹೋಗೋದು ಹೇಗೆ?" ಅಂತ ಕೇಳದ ನೆಂಟರಿಲ್ಲ. ಹೇಳ್ತೀನಿ ಕೇಳಿ.

ಕ್ಯಾನ್ಸರ್ ಕೋಶದ ಸ್ನಾಯುವಿನೊಳಗೆ ಇಳಿದಿತ್ತು. ಹಾಗಾಗಿ ಇಡೀ ಕೋಶವನ್ನೇ ತೆಗೆದರು. ಸಣ್ಣ ಕರುಳಿನ 15-20 ಸೆಂಟಿಮೀಟರ್ ತುಂಡಿಗೆ ಎರಡೂ ಮೂತ್ರನಾಳಗಳನ್ನು ಹೊಲಿದು, ಅದರ ತುದಿಯನ್ನು ಹೊಕ್ಕುಳಿನ ಬಲಕ್ಕೆ ಹೊರತಂದಿದ್ದಾರೆ. ಅದೇ ಸ್ಟೋಮಾ. ಪಂಚೆ ಕಟ್ಟುವ ಜಾಗ ತಪ್ಪಿಸಿ ಮೊದಲೇ ಗುರುತು ಹಾಕಿದ್ದರು. ಮೂತ್ರ ಸದಾ ಹನಿಯುತ್ತಲೇ ಇರುತ್ತೆ, ಅದಕ್ಕೇ ಮೇಲೆ ಅಂಟಿಸುವ ಚೀಲ.

ಚೀಲ ಅರ್ಧ ತುಂಬುವ ಮುಂಚೆ ಖಾಲಿ ಮಾಡಬೇಕು. ಬದಲಿಸೋದು ಬೆಳಗ್ಗೆ, ಕಾಫಿಗೂ ಮುಂಚೆ. ಆಗ ಮೂತ್ರ ಕಮ್ಮಿ. ಸುತ್ತ ಎಣ್ಣೆ, ಕ್ರೀಮು ತಾಗಿದರೆ ಅಂಟೋದಿಲ್ಲ. ಮೂತ್ರದಲ್ಲಿ ಲೋಳೆ ಕಂಡರೆ ಗಾಬರಿ ಬೇಡ, ಅದು ಕರುಳಿನ ಗುಣ.

ಇದೆಲ್ಲ ಒಂದೆರಡು ತಿಂಗಳಲ್ಲಿ ರೂಢಿಯಾಯ್ತು. ಕಷ್ಟವಾಗಿದ್ದು ನಾಚಿಕೆ. ಆರು ತಿಂಗಳು ಅವರು ಒಂದು ಮದುವೆ-ಮುಂಜಿಗೂ ಹೊರಡಲಿಲ್ಲ. "ವಾಸನೆ ಬಂದ್ರೆ?" ಅನ್ನೋದೊಂದೇ ಮಾತು. ಸರಿಯಾಗಿ ಅಂಟಿದ ಚೀಲ ವಾಸನೆ ಬಿಡಲ್ಲ ಅಂತ ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಒಂದು ಸಂಜೆ ಪರಿಚಯದವರೊಬ್ಬರು ಬಂದು ಎರಡು ಗಂಟೆ ಪಕ್ಕದಲ್ಲೇ ಕೂತು ಹರಟಿ, ಏಳುವಾಗ "ನನಗೂ ಇದೆ ಸ್ವಾಮಿ, ನಾಲ್ಕು ವರ್ಷದಿಂದ" ಅಂದರು. ಮರುವಾರ ನಮ್ಮವರು ತಂಗಿ ಮಗಳ ನಿಶ್ಚಿತಾರ್ಥಕ್ಕೆ ಪಂಚೆಯುಟ್ಟು ಹೊರಟರು.

ಚೀಲ ಇರುವವರೇ, ಹೊಸಬರಿಗೆ ಹೀಗೊಮ್ಮೆ ಹೇಳಿ. ಉಳಿದವರೇ, ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ಡಾಕ್ಟರಿಗೆ ತೋರಿಸಿ. ಬೀಡಿ, ಸಿಗರೇಟು ಸೇದುವವರಂತೂ ಒಂದು ದಿನವೂ ತಡಮಾಡಬೇಡಿ.