ಮೇವಿಗೆ ತೂಕವಷ್ಟೇ ಅಳತೆಯೇ?

ಮಳೆ ಕೈಕೊಟ್ಟ ವರ್ಷಗಳಲ್ಲಿ ಮೇವಿನ ಕೊರತೆಯ ಚರ್ಚೆ ಟನ್ನುಗಳ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ದಾಸ್ತಾನು ಎಷ್ಟಿದೆ, ಎಷ್ಟು ವಾರಕ್ಕೆ ಸಾಕು ಎಂಬುದು ಮುಖ್ಯವಾಗುತ್ತದೆಯೇ ಹೊರತು, ಅದರಲ್ಲಿ ದನದ ಹೊಟ್ಟೆಯಲ್ಲಿ ಅರಗುವ ಪಾಲು ಎಷ್ಟು ಎಂಬ ಪ್ರಶ್ನೆ ಏಳುವುದಿಲ್ಲ.

ಕಮಲಾಪುರದ ಸುತ್ತಲಿನ ರೈತರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಹಿಂಗಾರಿ ಜೋಳದಲ್ಲಿ ಅವರು ತೆನೆಯೊಂದಿಗೆ ಕಣಿಕೆಯನ್ನೂ ನೋಡುತ್ತಾರೆ. ಮಾಲದಂಡಿ ಜೋಳ ದಶಕಗಳಿಂದ ಈ ಕಪ್ಪು ಮಣ್ಣಿನಲ್ಲಿ ನೆಲೆಯೂರಿರುವುದಕ್ಕೆ ರೊಟ್ಟಿಯ ರುಚಿಯಷ್ಟೇ ಮೇವಿನ ಗುಣವೂ ಕಾರಣ. ಹೈದರಾಬಾದಿನ ಮೇವು ವ್ಯಾಪಾರದ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ತಿಳಿವಳಿಕೆಯನ್ನು ಸಮರ್ಥಿಸಿತು. ಅಲ್ಲಿ ಮಾರಾಟವಾಗುತ್ತಿದ್ದ ಕಣಿಕೆಗಳಲ್ಲಿ ಅರಗುವ ಪ್ರಮಾಣ ಸುಮಾರು ಶೇ 47ರಿಂದ 52ರವರೆಗಿತ್ತು. ಇಷ್ಟೇ ಅಂತರಕ್ಕೆ ಹೈನುಗಾರರು ಕಾಲುಭಾಗದಷ್ಟು ಹೆಚ್ಚು ಬೆಲೆ ತೆರುತ್ತಿದ್ದರು.

ಆದರೆ ಭತ್ತದ ಹುಲ್ಲಿನ ವಿಷಯದಲ್ಲಿ ಈ ಅನುಭವ ದಾರಿ ತಪ್ಪಿಸಬಹುದು. ಕೃಷ್ಣಾ, ತುಂಗಭದ್ರಾ ಅಚ್ಚುಕಟ್ಟಿನ ಹುಲ್ಲನ್ನು ಕೊಳ್ಳುವ ಕಲಬುರಗಿಯ ಎಮ್ಮೆ ಸಾಕುವವರು ಜೋಳದ ಕಣ್ಣಿನಿಂದಲೇ ಅದನ್ನು ನೋಡಿದರೆ ಎಲೆ ಹೆಚ್ಚಿರುವುದನ್ನೇ ಆರಿಸಿಯಾರು. ಜೋಳದಲ್ಲಿ ಕಾಂಡಕ್ಕಿಂತ ಎಲೆ ಮೇಲು. ಭತ್ತದಲ್ಲಿ ಇದು ತಿರುವುಮುರುವು: ಎಲೆಯಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಕಾಂಡವೇ ಚೆನ್ನಾಗಿ ಅರಗುತ್ತದೆ. ಕಟಾವು ಯಂತ್ರವಾದರೋ ಬುಡದ ಕಾಂಡವನ್ನು ಗದ್ದೆಯಲ್ಲೇ ಬಿಟ್ಟು ಸಾಗುತ್ತದೆ. ಹಾಗೆ ಉಳಿದ ಕೂಳೆಗೆ ಬೆಂಕಿ ಇಟ್ಟಾಗ ಸುಟ್ಟುಹೋಗುವುದು ಹುಲ್ಲಿನ ಉತ್ತಮ ಪಾಲು.

ನೂರು ಕೆ.ಜಿ. ಹುಲ್ಲಿಗೆ ನಾಲ್ಕು ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವ ಉಪಚಾರ ಹಳೆಯದು, ಪರಿಣಾಮಕಾರಿಯೂ ಹೌದು. ಆದರೆ ಅದಕ್ಕೆ ನೀರು, ಶ್ರಮ, ಎಚ್ಚರಿಕೆ ಎಲ್ಲವೂ ಬೇಕು. ಬರದ ದಿನಗಳಲ್ಲಿ ಎರಡು ಎಮ್ಮೆ ಸಾಕಿಕೊಂಡ ಭೂರಹಿತ ಕುಟುಂಬಕ್ಕೆ ಇದು ಸುಲಭಸಾಧ್ಯವಲ್ಲ. ಅದಕ್ಕಿಂತ ಅಗ್ಗದ ದಾರಿ ತಳಿಯ ಆಯ್ಕೆ. ಹುಲ್ಲಿನ ಗುಣ ತಳಿಯಿಂದ ತಳಿಗೆ ಬದಲಾಗುತ್ತದೆ. ಕಾಳಿನ ಇಳುವರಿ ಹೆಚ್ಚಿದರೆ ಮೇವು ಕಳಪೆಯಾಗಲೇಬೇಕೆಂಬ ನಿಯಮವೂ ಇಲ್ಲ.

ಆದ್ದರಿಂದ ಜೋಳವಾಗಲಿ ಭತ್ತವಾಗಲಿ, ಹೊಸ ತಳಿಯನ್ನು ಬಿಡುಗಡೆ ಮಾಡುವಾಗ ಎಕರೆಗೆ ಎಷ್ಟು ಚೀಲ ಎಂಬುದರ ಜೊತೆಗೆ ಅದರ ಮೇವು ಎಷ್ಟು ಅರಗುತ್ತದೆ ಎಂಬುದನ್ನೂ ನಮೂದಿಸಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಕೈಜೋಡಿಸಿದರೆ ಇದು ಅಸಾಧ್ಯವೇನಲ್ಲ. ಅವಗೆಂಪು ಕಿರಣಗಳ ನೆರವಿನಿಂದ ಮೇವಿನ ಗುಣವನ್ನು ನಿಮಿಷಗಳಲ್ಲಿ ಅಂದಾಜಿಸುವ ತಂತ್ರಜ್ಞಾನ ಇಂದು ಲಭ್ಯವಿದೆ. ಸರ್ಕಾರದ ಮೇವು ಖರೀದಿಗೂ ಇದೇ ಅಳತೆ ಅನ್ವಯಿಸಬೇಕು. ದನದ ಹೊಟ್ಟೆ ತುಂಬಿದರಷ್ಟೇ ಸಾಲದು. ತಿಂದದ್ದು ಅರಗಿದರೆ ಮಾತ್ರ ಕೆಚ್ಚಲು ತುಂಬೀತು.