ಬಾಧೆ ಒಂದೇ, ಕಾರಣ ಹಲವು

ಮನೆಯ ನಾಯಿಯು ಕುಳಿತಲ್ಲಿಂದಲೇ ಮುಂಗಾಲುಗಳಿಂದ ಮೈಯನ್ನೆಳೆಯುತ್ತ ಹಿಂಭಾಗವನ್ನು ನೆಲಕ್ಕೆ ಉಜ್ಜುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಕ್ಕಳು ನಗುತ್ತಾರೆ, ಹಿರಿಯರು ಜಂತುಹುಳುವಿನ ತೊಂದರೆಯೆಂದು ಒಂದು ಗುಳಿಗೆ ನುಂಗಿಸಿ ಸುಮ್ಮನಾಗುತ್ತಾರೆ. ಆದರೆ ಈ ಬಾಧೆಗೆ ಹುಳುವೊಂದೇ ಕಾರಣವಲ್ಲ. ಗುಳಿಗೆ ಕೊಡುವ ಮೊದಲು ಬಾಲವನ್ನೆತ್ತಿ ನೋಡುವುದು ವಿವೇಕ.

ಗುದದ್ವಾರದ ಇಕ್ಕೆಲಗಳಲ್ಲಿ, ಗಡಿಯಾರದ 4 ಮತ್ತು 8 ಅಂಕಿಗಳ ಸ್ಥಾನದಲ್ಲಿ, ಎರಡು ಪುಟ್ಟ ಚೀಲಗಳಿರುತ್ತವೆ. ಅವುಗಳಲ್ಲಿ ಶೇಖರವಾಗುವ ದ್ರವವು ಗಟ್ಟಿಯಾದ ಮಲ ಹೊರಬೀಳುವಾಗ ಒತ್ತಡದಿಂದ ಬರಿದಾಗುತ್ತದೆ. ಮಲವು ಬಹುದಿನ ತೆಳುವಾಗಿದ್ದರೆ ದ್ರವವು ಅಲ್ಲಿಯೇ ನಿಂತು ಮಂದವಾಗಬಹುದು. ಆಗ ನಾಯಿಯು ಬಾಲದ ಬುಡವನ್ನು ಪದೇ ಪದೇ ನೆಕ್ಕುತ್ತದೆ. ಕೊಳೆತ ಮೀನಿನಂಥ ದುರ್ವಾಸನೆ ಬರುತ್ತದೆ. ಒಂದು ಪಕ್ಕದಲ್ಲಿ ಕೆಂಪಾದ ಬಾವು ಕಂಡರೆ ಕೀವು ತುಂಬಿದೆಯೆಂದು ಶಂಕಿಸಬೇಕು.

ಗುದದ ಸುತ್ತಲಿನ ಕೂದಲಿನಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಅಂಟಿದ್ದರೆ ಅದು ಲಾಡಿಹುಳುವಿನ ಗುರುತು. ಇದು ಸಾಮಾನ್ಯವಾಗಿ ನಾಯಿಯು ಚಿಗಟವನ್ನು ನುಂಗುವುದರಿಂದ ಬರುತ್ತದೆ. ಎಲ್ಲ ಜಂತುನಾಶಕಗಳೂ ಇದನ್ನು ಕೊಲ್ಲುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ ಔಷಧವನ್ನು ವೈದ್ಯರಿಂದಲೇ ಪಡೆಯಬೇಕು. ಮೈಯ ಮೇಲಿನ ಚಿಗಟಗಳನ್ನು ನಿವಾರಿಸದಿದ್ದರೆ ಹುಳುವು ಮತ್ತೆ ಸೇರಿಕೊಳ್ಳುತ್ತದೆ.

ಕಿವಿ, ಪಾದಗಳನ್ನೂ ಕೆರೆದುಕೊಳ್ಳುತ್ತಿದ್ದರೆ ಚರ್ಮದ ಅಲರ್ಜಿ ಇರಬಹುದು. ಉದ್ದ ಕೂದಲಿನ ನಾಯಿಗಳಲ್ಲಿ ಒಣಗಿದ ಮಲ ಅಂಟಿಕೊಂಡೇ ಚರ್ಮ ಹುಣ್ಣಾಗುವುದುಂಟು. ಮೂಳೆ ತಿಂದ ನಾಯಿಯು ಮಲಬದ್ಧತೆಯಿಂದ ತಿಣುಕಬಹುದು. ಏಳುವಾಗ, ಮೆಟ್ಟಿಲು ಹತ್ತುವಾಗ ಹಿಂಜರಿಯುವ ಮುದಿ ನಾಯಿಯ ನೋವು ಸೊಂಟದ ಕೀಲಿನದಾಗಿರಬಹುದು. ವಯಸ್ಸಾದ ನಾಯಿಯ ಗುದದ ಬಳಿ ಗಂಟು ಕಂಡರೆ, ಅದು ನೋಯದಿದ್ದರೂ, ತಡಮಾಡಲಾಗದು. ಕೆಲವು ಗಂಟುಗಳು ಕ್ಯಾನ್ಸರ್ ಆಗಿರುತ್ತವೆ.

ಹುಣ್ಣಿಗೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ರೂಢಿಯನ್ನು ನಾವು ಬಿಡಬೇಕು. ಅವು ಚರ್ಮವನ್ನು ಸುಡುತ್ತವೆ, ನೆಕ್ಕಿದರೆ ವಿಷವಾಗುತ್ತವೆ. ಬಾತ ಚೀಲವನ್ನು ಮನೆಯಲ್ಲಿ ಹಿಂಡಲೂಬಾರದು. ನೋವಿನಲ್ಲಿರುವ ನಾಯಿಯು ಒಡೆಯನನ್ನೂ ಕಚ್ಚಬಲ್ಲದು. ಆದುದರಿಂದ ಪರೀಕ್ಷಿಸುವಾಗ ಮಕ್ಕಳನ್ನು ದೂರವಿರಿಸಬೇಕು. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ರಕ್ತ, ಕೀವು, ಗಾಯದಲ್ಲಿ ಹುಳು, ಮಲಮೂತ್ರ ಕಟ್ಟುವಿಕೆ ಇವುಗಳಲ್ಲಿ ಒಂದನ್ನು ಕಂಡರೂ ಅಂದೇ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು. ಮಾತು ಬಾರದ ಜೀವವು ತನ್ನ ನೋವನ್ನು ನಡತೆಯಿಂದಲೇ ತಿಳಿಸುತ್ತದೆ. ಅನ್ನವಿಕ್ಕುವ ನಾವು ಅದನ್ನು ಅರಿಯುವ ಹೊಣೆಯನ್ನೂ ಹೊರಬೇಕಲ್ಲವೆ?